ಲೈನು ತೆಗೆಯುವ ಮುನ್ನ

ಕೋಣೆಯಲ್ಲಿ ಒಬ್ಬರಿದ್ದರೂ ಸಾಕು, ಅವರಿಗೆ ಹೇಳದೆ ನಾನು ಫ್ಯಾನು ನಿಲ್ಲಿಸುವುದಿಲ್ಲ. ರೇಡಿಯೋ ಬಂದ್ ಮಾಡುವಾಗಲೂ ಅಷ್ಟೇ. ಕೇಳಿ, ಉತ್ತರ ಬರುವವರೆಗೆ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಿಲ್ಲುತ್ತೇನೆ. ಮಲಗಿದವರನ್ನು ಎಬ್ಬಿಸಿ, ದೀಪ ಆರಿಸುತ್ತೇನೆ ಎಂದು ತಿಳಿಸಿ ಬೈಸಿಕೊಂಡದ್ದೂ ಉಂಟು. ನನ್ನ ಹೆಂಡತಿ ನೆಂಟರ ಮುಂದೆ, "ಇವರು ಒಲಿ ಆರಿಸೂ ಮುಂದ ಹಾಲಿಗೂ ಒಂದ್ ಮಾತ್ ಹೇಳ್ತಾರ" ಎನ್ನುತ್ತಾಳೆ. ಎಲ್ಲರ ಜೊತೆ ನಾನೂ ನಗುತ್ತೇನೆ. ಈ ಅಭ್ಯಾಸ ಎಲ್ಲಿಂದ ಬಂತೆಂದು ಅವರು ಕೇಳಿಲ್ಲ, ನಾನು ಹೇಳಿಲ್ಲ.

ಹೋದ ತಿಂಗಳು ಬೇರೊಬ್ಬರ ಕೆಲಸಕ್ಕೆಂದು ಹುಬ್ಬಳ್ಳಿಯ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿ ಕಂಪ್ಯೂಟರ್ ಬಂದಿದೆ. ಗಾಜಿನ ಕೋಣೆಯೊಳಗೆ ಒಂದು ದೊಡ್ಡ ಯಂತ್ರ. ಹೊರಗೆ ನಾಲ್ಕು ಮೇಜುಗಳ ಮೇಲೆ ಅದರ ಮಕ್ಕಳಂತೆ ನಾಲ್ಕು ಪರದೆಗಳು. ನಾಲ್ವರೂ ಬಡಿಯುವುದೆಲ್ಲ ಒಳಗಿನ ಯಂತ್ರದ ಹೊಟ್ಟೆಗೇ ಹೋಗುತ್ತದಂತೆ. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ಗಾಜಿನ ಮೇಲೆ 'ಕರೆಂಟು ಹೋದಾಗ' ಎಂಬ ತಲೆಬರಹದ ಕಾಗದವೊಂದನ್ನು ಅಂಟಿಸಿದ್ದರು. ಬ್ಯಾಟರಿಯ ಮೇಲೆ ಯಂತ್ರ ಸ್ವಲ್ಪ ಹೊತ್ತು ಮಾತ್ರ ಬದುಕಿರುತ್ತದೆ, ಅಷ್ಟರಲ್ಲಿ ಅದನ್ನು ಕ್ರಮವಾಗಿ ಮಲಗಿಸಬೇಕು. ಮೊದಲು, ಕೆಲಸ ಮಾಡುತ್ತಿರುವ ಎಲ್ಲರಿಗೂ ತಿಳಿಸಿರಿ. ಅವರು ಕೈಯಲ್ಲಿದ್ದುದನ್ನು ಮುಗಿಸಿ ಏಳಲಿ. ಆಮೇಲೆ ಪರದೆಗಳು. ಎಲ್ಲಕ್ಕೂ ಕೊನೆಗೆ ದೊಡ್ಡ ಯಂತ್ರ.

ನಾನು ಮೊದಲ ಸಾಲನ್ನೇ ಎರಡು ಸಲ ಓದಿದೆ. ಮೂರನೆಯ ಸಲ ಓದುವಾಗ ಮೇಜಿನ ಹುಡುಗಿ, "ಏನ್ ಬೇಕಾಗಿತ್ರಿ?" ಎಂದಳು. ಏನೂ ಬೇಡವೆಂದೆ. ಬಂದ ಕೆಲಸವನ್ನೂ ಮರೆತು ಹೊರಗೆ ಬಂದೆ.

ನನ್ನ ಕೆಲಸ ಟೆಲಿಫೋನ್ ಎಕ್ಸ್‌ಚೇಂಜಿನದು. ಹಾನಗಲ್ಲ, ಸವಣೂರು, ಶಿಗ್ಗಾವಿ, ಹಿರೇಕೆರೂರು ಎಂದು ಈ ನಾಲ್ಕು ತಾಲೂಕುಗಳೊಳಗೇ ಸುತ್ತಿದವನು. ನಾನು ಹೇಳಹೊರಟಿರುವ ಊರು ಹಾನಗಲ್ಲಿಗೂ ಹಿರೇಕೆರೂರಿಗೂ ನಡುವಿನದು. ಹೆಸರು ಬೇಡ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನಗಿನ್ನೂ ಮದುವೆಯಾಗಿರಲಿಲ್ಲ. ಆ ಊರಿನಲ್ಲಿ ಮೂವತ್ತೆಂಟು ಟೆಲಿಫೋನುಗಳಿದ್ದವು. ಡಯಲ್ ಇಲ್ಲ; ಯಾರಾದರೂ ರಿಸೀವರ್ ಎತ್ತಿದರೆ ನಮ್ಮ ಬೋರ್ಡಿನಲ್ಲಿ ಪುಟ್ಟ ದೀಪ ಹತ್ತುತ್ತಿತ್ತು, ನಾವು ಕೇಳಿ ಜೋಡಿಸುತ್ತಿದ್ದೆವು. ಹಿಂದಿನ ಕೋಣೆಯಲ್ಲಿ ಗಾಜಿನ ದೊಡ್ಡ ಪಾತ್ರೆಗಳಲ್ಲಿ ಆ್ಯಸಿಡ್ ತುಂಬಿದ ಬ್ಯಾಟರಿಗಳು. ಊರಿನ ಮಾತೆಲ್ಲ ಆ ಪಾತ್ರೆಗಳಿಂದ ಬರುತ್ತಿತ್ತು. ಕರೆಂಟು ಇದ್ದಾಗ ಅವು ತುಂಬಿಕೊಳ್ಳುತ್ತಿದ್ದವು, ಇಲ್ಲದಾಗ ಬಸಿದುಕೊಳ್ಳುತ್ತಿದ್ದವು. ಮೀಟರಿನ ಮೇಲೊಂದು ಕೆಂಪು ಗೀರು. ಮುಳ್ಳು ಅದಕ್ಕೆ ತಾಗಿತೆಂದರೆ ಎಲ್ಲವನ್ನೂ ನಿಲ್ಲಿಸಲೇಬೇಕು. ಇಲ್ಲವಾದರೆ ಬ್ಯಾಟರಿಯ ತಗಡುಗಳೇ ಕೆಟ್ಟು ಊರು ತಿಂಗಳುಗಟ್ಟಲೆ ಮೂಕವಾಗುತ್ತದೆ. ಈ ನಿಯಮ ಸರಿಯಾದದ್ದು. ಈಗಲೂ ಸರಿಯೆಂದೇ ಹೇಳುತ್ತೇನೆ.

ಅದಕ್ಕಾಗಿ ಒಂದು ಪಟ್ಟಿ ಇತ್ತು. ಕರೆಂಟು ಬಹಳ ಹೊತ್ತು ಬಾರದಿದ್ದರೆ ಯಾರ ಫ್ಯೂಸು ಮೊದಲು ತೆಗೆಯಬೇಕು, ಯಾರದು ಕೊನೆಗೆ ಎಂದು. ಮೊದಲು ಅಂಗಡಿ ಮುಂಗಟ್ಟು, ನಂತರ ಮನೆಗಳು, ಆಮೇಲೆ ಕಚೇರಿಗಳು, ಕೊನೆಗೆ ದವಾಖಾನೆ, ಪೊಲೀಸು ಮತ್ತು ಹೊರ ಊರಿಗೆ ಹೋಗುವ ಟ್ರಂಕ್ ಲೈನು.

ಕೆಲಸದಲ್ಲಿ ನನ್ನ ಹಿರಿಯರು ವ್ಯಾಸಾಚಾರ್ಯರು. ಸವಣೂರಿನ ಕಡೆಯ ವೈಷ್ಣವ ಪಂಡಿತ ಮನೆತನ. ತಂದೆ ಪಾಠ ಹೇಳಿದವರು, ಇವರು ಫೋನು ಜೋಡಿಸಿದವರು. ಫ್ಯೂಸು ತೆಗೆಯುವ ವಿಷಯದಲ್ಲಿ ಅವರದೊಂದು ಪದ್ಧತಿ. ತೆಗೆಯುವ ಮುನ್ನ ಪ್ರತಿ ಮನೆಗೂ ಗಂಟೆ ಬಾರಿಸಿ ಹೇಳುವರು: "ಶೆಟ್ಟರ, ಕರೆಂಟ್ ಬರೂ ಲಕ್ಷಣ ಇಲ್ಲ. ನಿಮ್ಮ ಲೈನ್ ತಗೀಲಿಕ್ಕತ್ತೇನಿ. ಅಪ್ಪಣೆ ಅದ ಏನು?"

ಹೀಗೆ ಅಪ್ಪಣೆ ಬೇಡಿದರೆ ಜನ ಸುಮ್ಮನಿರುತ್ತಾರೆಯೇ? ಅರಳೆ ವ್ಯಾಪಾರದ ಶೆಟ್ಟರು, "ಅಪ್ಪಣೆ ಇಲ್ಲಂದ್ರ ಏನ್ಮಾಡ್ತೀರಿ ಆಚಾರ್ರ?" ಎನ್ನುವರು. ಕಾಳಿನ ವ್ಯಾಪಾರಿ, "ಶೆಟ್ಟಂದು ತಗದ್ರಿಲ್ಲೋ? ಅವಂದು ಮೊದ್ಲ ತಗೀರಿ, ಆಮ್ಯಾಲ ನಂದು" ಎನ್ನುವನು. ವಕೀಲರಂತೂ ಯಾವ ಕಾಯ್ದೆಯ ಯಾವ ಕಲಮಿನ ಪ್ರಕಾರ ಎಂದು ಶುರುಮಾಡಿದರೆ ಆಚಾರ್ಯರು ಒಂದೊಂದಕ್ಕೂ ಉತ್ತರ ಕೊಡುವರು. ನಾನು ಪಕ್ಕದಲ್ಲಿ ಕುಳಿತು ಹಲ್ಲು ಕಡಿಯುತ್ತಿದ್ದೆ. ಏಕೆಂದರೆ ಗಂಟೆ ಬಾರಿಸುವುದೂ ಅದೇ ಬ್ಯಾಟರಿ, ಈ ಹರಟೆ ನಡೆಯುವುದೂ ಅದೇ ಬ್ಯಾಟರಿಯಿಂದ. ಉಳಿಸಲೆಂದು ಹೊರಟವರು, ಉಳಿಸುತ್ತೇವೆಂದು ಹೇಳುವುದರಲ್ಲೇ ಖರ್ಚುಮಾಡುತ್ತಿದ್ದರು.

ಒಮ್ಮೆ ಕೇಳಿಯೇ ಬಿಟ್ಟೆ. ಅವರು ಪೂಜೆಯ ಉದಾಹರಣೆ ಕೊಟ್ಟರು. ಪೂಜೆಗೆ ಮೊದಲು ದೇವರನ್ನು ಕರೆಯುತ್ತೇವೆ. ಮುಗಿದ ಮೇಲೆ ಎದ್ದು ಕೈ ಕೊಡವಿಕೊಂಡು ಹೋಗುವಂತಿಲ್ಲ, ಬಂದವರನ್ನು ಹೇಳಿ ಬೀಳ್ಕೊಡಬೇಕು, ಅದಕ್ಕೂ ಮಂತ್ರವಿದೆ. "ಕರ್ಯೋದು ಎಷ್ಟು ಮುಖ್ಯನೋ ಕಳಸೋದೂ ಅಷ್ಟ ಮುಖ್ಯ ಅದಪ್ಪಾ" ಎಂದರು. ಯೋಚಿಸಿದರೆ ನಮ್ಮ ಕಡೆಯ ಮಾತೇ ಹಾಗಿದೆ. ನಾವು ದೀಪ ಆರಿಸು ಎನ್ನುವುದಕ್ಕೆ ಅಳುಕಿ ಶಾಂತ ಮಾಡು ಎನ್ನುತ್ತೇವೆ. ಬಾಗಿಲು ಹಾಕು ಎನ್ನದೆ ಮುಂದಕ್ಕೆ ಮಾಡು ಎನ್ನುತ್ತೇವೆ. ಹೊರಡುವವನು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾನೆ. ಯಾವುದನ್ನೂ ಫಕ್ಕನೆ ಮುಗಿಸಬಾರದೆಂಬ ಭಯ ಅಥವಾ ಮರ್ಯಾದೆ ನಮ್ಮ ಹಿರಿಯರಿಗೆ ಇದ್ದಿರಬೇಕು.

ಆದರೆ ನಾನು ಆಗ ಇದನ್ನೆಲ್ಲ ಯೋಚಿಸಲಿಲ್ಲ. ನಾನು ಮೀಟರು ನೋಡುವವನು. ಮುಂದಿನ ಎರಡು ಸಲ ಕರೆಂಟು ಹೋದಾಗ ಆಚಾರ್ಯರ ಪಕ್ಕದಲ್ಲಿ ಕಾಗದ ಹಿಡಿದು ಕುಳಿತು, ಹೇಳಲು ಶುರುಮಾಡುವ ಮೊದಲು ಮುಳ್ಳು ಎಲ್ಲಿತ್ತು, ಮುಗಿದ ಮೇಲೆ ಎಲ್ಲಿತ್ತು ಎಂದು ಬರೆದುಕೊಂಡೆ. ಆ ಸೌಜನ್ಯದಿಂದ ದವಾಖಾನೆಯ ಲೈನಿಗೆ ಎಷ್ಟು ಹೊತ್ತಿನ ನಷ್ಟ ಎಂದು ಲೆಕ್ಕಹಾಕಿ, ಎಂಜಿನಿಯರರಿಗೆ ಒಂದು ಪತ್ರ ಬರೆದೆ. ಆಚಾರ್ಯರಿಗೆ ಓದಿ ತೋರಿಸಿಯೇ ಕಳಿಸಿದೆ. ಅವರು, "ಲೆಕ್ಕ ತಪ್ಪಿಲ್ಲ" ಎಂದರು. ಎರಡು ವಾರದಲ್ಲಿ ಆದೇಶ ಬಂತು: ಫ್ಯೂಸು ತೆಗೆಯುವ ಮುನ್ನ ಯಾರಿಗೂ ಗಂಟೆ ಬಾರಿಸತಕ್ಕದ್ದಲ್ಲ. ನಾನೇ ಅದಕ್ಕೆ ರಟ್ಟು ಹಚ್ಚಿ ಗೋಡೆಗೆ ಹೊಡೆದೆ. ಮೊಳೆ ಸೊಟ್ಟಗಾಗಿತ್ತು, ಕಿತ್ತು ಮತ್ತೆ ನೆಟ್ಟಗೆ ಹೊಡೆದೆ.

ಇನ್ನು ನೀಲವ್ವನ ವಿಷಯ. ಎಕ್ಸ್‌ಚೇಂಜಿನ ಸಾಲಿನಲ್ಲೇ ಅವರ ಖಾನಾವಳಿ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಗಂಡ ಅರ್ಜಿ ಹಾಕಿದ್ದ ಫೋನು, ಅವನು ಹೋದ ಮೇಲೆ ಬಂತು. "ಸತ್ತಾಂವ ಕಳಸ್ಯಾನು" ಎನ್ನುತ್ತಿದ್ದರು. ನಾನು ಎರಡೂ ಹೊತ್ತು ಉಣ್ಣುತ್ತಿದ್ದುದು ಅಲ್ಲೇ. ನನ್ನನ್ನು 'ಸಾಹೇಬ್ರ' ಎಂದು ಕರೆಯುತ್ತಿದ್ದರು. ರೊಟ್ಟಿ ಬೇಡವೆಂದರೆ, "ಸಾಹೇಬ್ರ ಹೊಟ್ಟಿ ಲೈನ್ ಎಂಗೇಜ್ ಐತ್ರಪಾ" ಎಂದು ಉಳಿದವರಿಗೆ ಸಾರುತ್ತಿದ್ದರು.

ಅದು ಮೇ ತಿಂಗಳು. ಹಿಂದಿನ ಸಂಜೆ ಗಾಳಿಮಳೆ ಬಂದು ದಾರಿಯುದ್ದಕ್ಕೂ ಕರೆಂಟಿನ ಕಂಬಗಳು ಬಿದ್ದಿದ್ದವು. ಬೆಳಿಗ್ಗೆ ತಿಂಡಿಗೆ ಹೋದಾಗ ನೀಲವ್ವ ನನ್ನ ಎದುರು ಬಂದು ಕುಳಿತರು. ಅವರು ಯಾರ ಎದುರೂ ಕುಳಿತುಕೊಳ್ಳುವವರಲ್ಲ. ತಂಗಿ ಗೌರವ್ವನನ್ನು ಹುಬ್ಬಳ್ಳಿಯ ದವಾಖಾನೆಗೆ ಸೇರಿಸಿದ್ದಾರೆ, ಹೊಟ್ಟೆಯ ಆಪರೇಶನ್ ಆಗಿದೆ, ಮೈ ಕಾವೇರಿದೆಯಂತೆ. ತಾಯಿ ಇಲ್ಲದ ತಂಗಿ, ನೀಲವ್ವನೇ ಎತ್ತಿ ಬೆಳೆಸಿದವರು. "ಆಕಿ ಗಂಡ ಮಧ್ಯಾಹ್ನ ಫೋನ್ ಮಾಡ್ತೇನಿ ಅಂದಾನ್ರಿ. ಬಾ ಅಂದ್ರ ಮೂರರ ಬಸ್ಸಿಗೆ ಹೊಂಡೋದು. ನೀವು ಸ್ವಲ್ಪ ಕಿವಿ ಇಟ್ಟಿರ್ರಿ." ಆಗಲಿ ಎಂದೆ. ಹುಬ್ಬಳ್ಳಿಗೆ ನೇರ ಬಸ್ಸು ದಿನಕ್ಕೆ ಅದೊಂದೇ. ಬಂದು ನನ್ನ ಪುಸ್ತಕದಲ್ಲಿ ಬರೆದೂ ಇಟ್ಟೆ: ಖಾನಾವಳಿಗೆ ಹುಬ್ಬಳ್ಳಿ ಟ್ರಂಕ್, ಮಧ್ಯಾಹ್ನ.

ಹನ್ನೆರಡರ ಹೊತ್ತಿಗೆ ಮುಳ್ಳು ಇಳಿಯಿತು. ಪಟ್ಟಿಯ ಪ್ರಕಾರ ಅಂಗಡಿಗಳಿಂದ ಶುರುಮಾಡಿದೆ. ಖಾನಾವಳಿಯ ಸರದಿ ಬಂದಾಗ ಆಚಾರ್ಯರು, "ನೀಲವ್ವಗ ಒಂದು ಮಾತು..." ಎಂದು ನಿಲ್ಲಿಸಿದರು. ನಾನು ಗೋಡೆಯ ಮೇಲಿನ ಆದೇಶದ ಕಡೆ ನೋಡಿದೆ. ಆಮೇಲೆ ಸಮಾಧಾನಕ್ಕೆಂಬಂತೆ, ಟ್ರಂಕ್ ಲೈನು ಇನ್ನೂ ಇದೆ, ಹುಬ್ಬಳ್ಳಿಯಿಂದ ಕರೆ ಬಂದರೆ ಅರೆ ನಿಮಿಷದಲ್ಲಿ ಅವರ ಫ್ಯೂಸು ಹಾಕಿಬಿಡುತ್ತೇನೆ ಎಂದೆ. ಅದು ನಿಜವೇ. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಅವರ ಫ್ಯೂಸು ತೆಗೆದೆ.

ಒಂದು ಗಂಟೆಗೆ ಆಚಾರ್ಯರು ಸ್ನಾನ, ಊಟಕ್ಕೆ ಮನೆಗೆ ಹೋದರು. ನಾನೂ ಊಟಕ್ಕೆ ಹೋಗಬೇಕಾದ ಹೊತ್ತು. ಮುಳ್ಳು ಬಿಟ್ಟು ಏಳಬಾರದೆಂದು ಅಂದು ಊಟ ಬಿಟ್ಟೆ. ಕರ್ತವ್ಯನಿಷ್ಠೆ ಎಂದುಕೊಂಡಿದ್ದೆ. ದಿನದಂತೆ ಊಟಕ್ಕೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಹಳ ಸಲ ಯೋಚಿಸಿದ್ದೇನೆ. ಒಂದು ಮೂವತ್ತೈದಕ್ಕೆ ಮುಳ್ಳು ಕೆಂಪು ಗೀರಿಗೆ ತಾಗಿತು. ಪೊಲೀಸಿನ ಫ್ಯೂಸು ತೆಗೆದೆ, ದವಾಖಾನೆಯದು ತೆಗೆದೆ, ಟ್ರಂಕ್ ಲೈನು ತೆಗೆದೆ, ಬೋರ್ಡಿಗೆ ಬಟ್ಟೆ ಹೊದಿಸಿದೆ. ಒಂದೊಂದರ ವೇಳೆಯನ್ನೂ ಬರೆದೆ. ಆ ಹೊತ್ತಿಗೆ ನೀಲವ್ವನ ನೆನಪು ಬಂತೇ? ಇದನ್ನು ನಾನು ಸರಿಯಾಗಿ ಹೇಳಬೇಕು. ಬರಲಿಲ್ಲ. ಮುಳ್ಳು ಗೀರು ದಾಟದಂತೆ ಇಡೀ ಎಕ್ಸ್‌ಚೇಂಜನ್ನು ಮಲಗಿಸಿದೆನಲ್ಲ ಎಂಬ ಸಮಾಧಾನದಲ್ಲಿದ್ದೆ.

ಮೂರಕ್ಕೆ ಬಸ್ಸು ಬಂತು. ಕಿಟಕಿಯಿಂದ ಕಾಣುತ್ತಿತ್ತು. ಅದು ಖಾನಾವಳಿಯ ಮುಂದೆ ನಿಂತು ಹಾರ್ನ್ ಹೊಡೆಯಿತು. ಕಂಡಕ್ಟರು ಬಾಗಿಲಲ್ಲಿ ಜೋತು, "ಯಕ್ಕಾ, ಬರ್ತೀಯೇನ?" ಎಂದು ಕೂಗಿದ. ನೀಲವ್ವ ಒಳಗಿನಿಂದಲೇ ಕೈಯಾಡಿಸಿ ಇಲ್ಲವೆಂದರು. ಬಸ್ಸು ಹೋಯಿತು. ನಾನು ಏನೆಂದುಕೊಂಡೆ ಗೊತ್ತೇ? ಹೋಗಲಿಲ್ಲ ಎಂದರೆ ತಂಗಿ ಚೆನ್ನಾಗಿರಬೇಕು ಎಂದುಕೊಂಡೆ. ಆಕೆಗೆ ಸುದ್ದಿ ಬರುವ ದಾರಿಯನ್ನು ನನ್ನ ಕೈಯಾರೆ ಮುಚ್ಚಿ, ಆಕೆಯ ಕೈಸನ್ನೆಯಿಂದ ನಾನು ಸುದ್ದಿ ತಿಳಿದುಕೊಳ್ಳುತ್ತಿದ್ದೆ.

ನಾಲ್ಕಕ್ಕೆ ನೀಲವ್ವ ತಾವೇ ಎಕ್ಸ್‌ಚೇಂಜಿಗೆ ಬಂದರು. ಕೈಯಲ್ಲಿ ಮುಚ್ಚಿದ ಹಿತ್ತಾಳೆ ಬಟ್ಟಲು. ಆಚಾರ್ಯರೂ ಊಟ ಮುಗಿಸಿ ಬಂದು ಕುಳಿತಿದ್ದರು.

"ಉಂಡಿಲ್ಲಲ್ರಿ ಸಾಹೇಬ್ರ, ತಗೋರಿ, ಗೋದಿ ಹುಗ್ಗಿ ಮಾಡೇನಿ. ಬಿಸೀದೈತಿ." ಮುಖ ಅರಳಿತ್ತು. "ಮುಂಜಾನಿಂದ ಫೋನಿನ ಬಾಜೂಕ ಕುಂತೇನ್ರಿ. ಉಣ್ಣಾಕ ಬಂದಾವ್ರಿಗೂ ಗದ್ದಲ ಮಾಡಬ್ಯಾಡ್ರಿ ಅಂದೆ. ಫೋನ್ ಬರ್ಲಿಲ್ಲ! ಬರ್ಲಿಲ್ಲ ಅಂದ್ರ ಚಲೋನ ಐತಿ ಬಿಡ್ರಿ, ಹೌದಿಲ್ಲೋ?"

ಬಟ್ಟಲು ನನ್ನ ಕೈಗೆ ಬಂದಿತ್ತು. ತಳ ಸುಡುತ್ತಿತ್ತು. ಇಡಲು ತೋಚಲಿಲ್ಲ.

"ನೀವು ಒಂದ್ಸಲನೂ ರಿಸೀವರ್ ಎತ್ತಿ ನೋಡ್ಲಿಲ್ಲೇನ್ರಿ?" ಎಂದೆ.

"ಎತ್ತಬ್ಯಾಡ್ರಿ ಅಂತ ಹಿಂದ ಒಮ್ಮೆ ನೀವ ಹೇಳಿದ್ರೆಲ್ರಿ, ಫೋನ್ ಬರೋದಿದ್ದಾಗ. ಎತ್ತಿದಾಗ ಅವಂದು ಬಂದ್ರ ಎಂಗೇಜ್ ಆಕೈತಿ ಅಂತ ಮುಟ್ಟಲಿಲ್ಲ."

ಬೋರ್ಡಿನ ಮೇಲಿನ ಬಟ್ಟೆಯನ್ನು ಅವರು ಆಗ ನೋಡಿದರು. ಅವರಿಗೆ ಯಂತ್ರದ ವಿಷಯ ಏನೂ ತಿಳಿಯದು. ಆದರೆ ಬಟ್ಟೆ ಹೊದಿಸಿದರೆ ಏನರ್ಥವೆಂದು ಯಾರಿಗಾದರೂ ತಿಳಿಯುತ್ತದೆ.

"ಎಷ್ಟೊತ್ತಿಗೆ ಬಂದ್ ಮಾಡಿದ್ರಿ?"

"ನಿಮ್ಮದು ಹನ್ನೆರಡೂ ಹತ್ತಕ್ಕ. ಟ್ರಂಕ್ ಒಂದೂ ಮೂವತ್ತೈದಕ್ಕ." ನಿಮಿಷ ಸಮೇತ ಹೇಳಿದೆ.

ನೀಲವ್ವ ಸೆರಗಿನಿಂದ ಬಾಯಿ ಒರೆಸಿಕೊಂಡರು, ಏನೋ ತಿಂದವರಂತೆ. "ಬಸ್ಸು ಹೋತು" ಎಂದರು. ನನಗಲ್ಲ, ಆಚಾರ್ಯರಿಗೂ ಅಲ್ಲ. ಆಮೇಲೆ ಹೊರಟುಹೋದರು.

ಹಾನಗಲ್ಲ ಕಡೆಯಿಂದ ಮಾವಿನಕಾಯಿ ತುಂಬಿಕೊಂಡು ಹುಬ್ಬಳ್ಳಿಗೆ ಹೋಗುವ ಲಾರಿಯೊಂದು ಐದರ ಮೇಲೆ ಬಂತು. ಡ್ರೈವರು ಅವರ ಖಾನಾವಳಿಯಲ್ಲಿ ಉಣ್ಣುವವನೇ. ಹತ್ತಿ ಕುಳಿತು ಹೋದರು. ಬಿದ್ದ ಮರಗಳಿಂದಾಗಿ ದಾರಿ ತಡವಾಯಿತು. ಅವರು ತಲುಪುವ ಒಂದು ತಾಸು ಮೊದಲು ಗೌರವ್ವ ತೀರಿಕೊಂಡಿದ್ದಳು. ದೀಪ ಹಚ್ಚುವ ಹೊತ್ತಿನವರೆಗೂ ಮಾತಾಡುತ್ತಿದ್ದಳಂತೆ. ಬಾಗಿಲಲ್ಲಿ ಯಾರು ಬಂದರೂ, "ಅಕ್ಕ ಬಂದ್ಲೇನು?" ಎಂದು ಕೇಳುತ್ತಿದ್ದಳಂತೆ. ಗಂಡ ಎರಡರಿಂದ ನಾಲ್ಕರವರೆಗೆ ಟ್ರಂಕ್ ಕಾಲ್ ಹಚ್ಚಿ ನಿಂತಿದ್ದನಂತೆ. ಲೈನು ಸಿಗುತ್ತಿಲ್ಲ ಎಂದು ಹೇಳಿದರಂತೆ. ಇಷ್ಟನ್ನು ಲಾರಿಯ ಡ್ರೈವರು ಮರುದಿನ ನಮಗೆ ಹೇಳಿದ. ನಮ್ಮಿಂದ ಏನೂ ತಪ್ಪಾಗಿಲ್ಲವೆಂಬಂತೆ, ಸುದ್ದಿ ಹೇಳುವ ಹಾಗೆ ಹೇಳಿದ.

ಆಚಾರ್ಯರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಕರೆಂಟು ಬಂದ ಮೇಲೆ ನನ್ನ ಪುಸ್ತಕ ತೆಗೆದು ಆ ದಿನದ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ಚಂದ ಬರದೀ" ಎಂದರು. ಅವರಿಗೆ ವ್ಯಂಗ್ಯ ಬರುತ್ತಿರಲಿಲ್ಲ. ನಿಜವಾಗಿಯೂ ಚೆನ್ನಾಗಿಯೇ ಬರೆದಿದ್ದೆ. ಆ ಪುಟದಲ್ಲಿ ಒಂದು ಚಿತ್ತು ಕಾಟೂ ಇಲ್ಲ.

ಹದಿನೈದು ದಿನ ಖಾನಾವಳಿ ಮುಚ್ಚಿತ್ತು. ತೆರೆದ ದಿನ ನನಗೆ ಒಬ್ಬನಿಗೇ ಹೋಗಲು ಧೈರ್ಯವಾಗಲಿಲ್ಲ. ಆಚಾರ್ಯರು ತಾವೂ ಬಂದರು. ಹೊರಗಿನ ನೀರನ್ನೂ ಮುಟ್ಟದ ಮನುಷ್ಯ, ಮೆಟ್ಟಿಲ ಕೆಳಗೇ ನಿಂತರು. ನೀಲವ್ವ ರೊಟ್ಟಿ ತಟ್ಟುತ್ತಿದ್ದರು. "ಒಳಗ ಬರ್ರಿ ಆಚಾರ್ರ, ನಿಮ್ಮ ಮಡಿ ನಾ ಏನ್ ಕಸಗೊಳ್ಳಾಂಗಿಲ್ಲ" ಎಂದರು. ಆಚಾರ್ಯರು ಒಳಗೆ ಬಂದು ಬಾಕಿನ ತುದಿಯಲ್ಲಿ ಕುಳಿತರು. ನಾನು ನಿಂತೇ ಹೇಳತೊಡಗಿದೆ. ಬ್ಯಾಟರಿ, ಕೆಂಪು ಗೀರು, ಗಂಟೆ ಬಾರಿಸಿದರೆ ಎಷ್ಟು ಖರ್ಚು, ಆದೇಶ, ಆದೇಶಕ್ಕೆ ಕಾರಣವಾದ ನನ್ನ ಪತ್ರ. ಏನನ್ನೂ ಮುಚ್ಚಿಡಲಿಲ್ಲ. ಗಂಟೆ ಬಾರಿಸುವಂತಿರಲಿಲ್ಲ, ಆದರೂ ಬಾರಿಸಬೇಕಾಗಿತ್ತು ಎಂದೆ.

ಅವರು ಕೊನೆಯವರೆಗೂ ಕೇಳಿದರು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದರು.

"ಗಂಟಿ ಯಾಕೋ ತಮ್ಮಾ?" ಎಂದರು. ಅಲ್ಲಿಯವರೆಗೆ ಎಂದೂ ನನ್ನನ್ನು ಹಾಗೆ ಕರೆದಿರಲಿಲ್ಲ. "ನಿಮ್ಮ ಆಪೀಸಿಂದ ಐದನೇ ಮನಿ ನಂದು. ಬಾಗಲಾಗ ನಿಂತು ಒಂದ್ ಕೂಗು ಹಾಕಿದ್ರ ಸಾಕಿತ್ತಲ್ಲೋ."

ನಾನು ಆಚಾರ್ಯರನ್ನು ನೋಡಿದೆ. ಆಚಾರ್ಯರು ನನ್ನನ್ನು ನೋಡಿದರು. ಗಂಟೆ ಬಾರಿಸಬೇಕೋ ಬಾರದೋ ಎಂದು ವಾದ ಮಾಡಿದವರು ನಾವು. ಅವರು ಶಾಸ್ತ್ರ ತಂದಿದ್ದರು, ನಾನು ಮೀಟರು ತಂದಿದ್ದೆ. ಊರಿನ ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷದ ನಡಿಗೆ. ತಂತಿಯ ನಡುವೆ ಬದುಕಿ ಬದುಕಿ, ಒಬ್ಬರಿಗೊಂದು ಮಾತು ತಲುಪಬೇಕಾದರೆ ಅದು ತಂತಿಯಲ್ಲೇ ಹೋಗಬೇಕೆಂದು ಇಬ್ಬರೂ ನಂಬಿಬಿಟ್ಟಿದ್ದೆವು. ಎದ್ದು ಹೋಗಿ ಹೇಳಬಹುದೆಂದು ಇಬ್ಬರಲ್ಲಿ ಒಬ್ಬರಿಗೂ ಒಂದು ದಿನವೂ ಹೊಳೆದಿರಲಿಲ್ಲ. ಟೆಲಿಫೋನಿನವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ಶ್ರಾವಣದಲ್ಲಿ ಮತ್ತೊಮ್ಮೆ ಕರೆಂಟು ಹೋಗಿ ಬಾರದಾಯಿತು. ಆಚಾರ್ಯರು ಛತ್ರಿ ಹಿಡಿದು ಪೇಟೆಯ ಕಡೆ ಹೊರಟರು, ನಾನು ಬೋರ್ಡು ನೋಡಿಕೊಂಡೆ. ಅವರು ತಿರುಗಿ ಬಂದ ಮೇಲೆ ನಾನು ನಮ್ಮ ಸಾಲಿಗೆ ಹೊರಟೆ. ವಕೀಲರು ತಮ್ಮ ಕಲಮುಗಳನ್ನು ಕಟ್ಟೆಯ ಮೇಲೆ ನಿಂತು ಹೇಳಿದರಂತೆ. ಹೇಳಲಿ, ಅದಕ್ಕೆ ಬ್ಯಾಟರಿ ಬೇಕಿಲ್ಲ.

ಖಾನಾವಳಿಯ ಬಾಗಿಲಲ್ಲಿ ನಿಂತು ಒದ್ದೆ ಕಾಲು ಒರೆಸಿಕೊಂಡು, "ನೀಲವ್ವಾರ, ಕರೆಂಟ್ ಬರಾಂಗಿಲ್ರಿ. ನಿಮ್ಮ ಲೈನ್ ತಗೀತೇನಿ" ಎಂದೆ.

ಅವರು ಗೂಡಿನಲ್ಲಿದ್ದ ಕರಿಯ ಫೋನಿನ ಕಡೆ ಒಮ್ಮೆ ನೋಡಿದರು. ಅದರ ಮೇಲೆ ಹಿಟ್ಟಿನ ಧೂಳು ಕೂತಿತ್ತು.

"ತಗೀರಿ. ನನಗಿನ್ನ ಯಾರ್ ಮಾಡ್ತಾರ ಫೋನ್" ಎಂದರು. ಬಾಕನ್ನು ಸೆರಗಿನಿಂದ ಒರೆಸಿದರು. "ಪಾಪ, ಅಷ್ಟು ದೂರದಿಂದ ನಡಕೊಂಡ್ ಬಂದೀರಿ. ಕುಂದರ್ರಿ, ಒಂದ್ ರೊಟ್ಟಿ ತಿಂದು ಹೋಗ್ರಿ."